ಹಲಗೆಯ ಆಚೆ ತುದಿ

ಮೈದುನ ಸ್ವಿಚ್ ಒತ್ತಿದ. ಗರಗಸದ ಯಂತ್ರ 'ಗುಂಯ್' ಅಂದಿತೇ ಹೊರತು ಅಲುಗಲಿಲ್ಲ. ಮತ್ತೆ ಒತ್ತಿದ. ಮತ್ತೆ ಅದೇ ರಾಗ.

"ಹಟ ಬಿಡಿ ಅತ್ತಿಗೆ. ಸಂಜೆಯೊಳಗೆ ಮಣ್ಣು ಮಾಡ್ಬೇಕು. ಅಂಗಡಿಯಿಂದ ಒಂದು ಪೆಟ್ಟಿಗೆ ತಂದ್ಬಿಡ್ತೀನಿ."

"ಊರಿಗೆಲ್ಲ ಕಪಾಟು ಮಾಡಿಕೊಟ್ಟವರು ನಿಮ್ಮಣ್ಣ. ಅವರನ್ನ ಯಾರೋ ಮಾಡಿದ ಪೆಟ್ಟಿಗೇಲಿ ನಾನು ಕಳಿಸಲ್ಲ."

ನಿನ್ನೆ ತೀರಿಕೊಂಡ ಗಂಡ ಒಳಗೆ ಮಲಗಿದ್ದ. ಬೆಳಗಿನಿಂದ ಆಕೆ ಅತ್ತಿರಲಿಲ್ಲ, ಯಾರನ್ನೂ ಏನೂ ಕೇಳಿರಲಿಲ್ಲ. ಕೇಳಿದ್ದು ಇದೊಂದೇ.

ಗಂಡನ ಜೊತೆ ದುಡಿದ ಪಾಲಿಶಿನವನು ಬಾಗಿಲಲ್ಲಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದ. "ಬಿಡು ತಂಗಿ. ಈ ಅತ್ತೆ ಅವನೊಬ್ಬನ ಮಾತೇ ಕೇಳೋದು."

ಯಂತ್ರಕ್ಕೆ 'ಅತ್ತೆ' ಎಂದು ಹೆಸರಿಟ್ಟವಳು ಆಕೆಯೇ. ಬೆಳಗಾದರೆ ಕಿರುಚಲು ಶುರು, ಎಷ್ಟು ಕೊಟ್ಟರೂ ಸಾಲದು. ಹೊಸ ಯಂತ್ರ ಕೊಳ್ಳುವ ತಾಕತ್ತಿಲ್ಲದ ಕಾಲದಲ್ಲಿ ಗಂಡ ಕಬ್ಬಿಣದ ಮಂಚ ಕತ್ತರಿಸಿ ಅದಕ್ಕೆ ಕಾಲು ಮಾಡಿದ್ದ, ಗುಜರಿಯಿಂದ ನೀರೆತ್ತುವ ಮೋಟಾರು ತಂದಿದ್ದ, ಗಿರಣಿಯವರು ಎಸೆದ ಭಾರದ ಚಕ್ರ ಕೂರಿಸಿದ್ದ. ಮಲಗುವ ಮಂಚವೇ ಹೋಯಿತಲ್ಲ ಎಂದು ಆಕೆ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು.

*

ಯಂತ್ರವೇನೋ ಆಯಿತು. ಕೊಯ್ದು ಹೊರಬರುವ ಹಲಗೆಗೆ ಆಚೆ ಕಡೆ ಆಸರೆಯಿರಲಿಲ್ಲ.

"ಸ್ವಲ್ಪ ಹಿಡ್ಕೋ ಬಾರೇ. ಸ್ಟ್ಯಾಂಡು ಬರೋ ತಿಂಗಳು ಮಾಡ್ತೀನಿ," ಅಂದ ಗಂಡ.

ಒಲೆ ಸಣ್ಣಗೆ ಮಾಡಿ ಬಂದು ಹಿಡಿದಳು. ಆ ಬರೋ ತಿಂಗಳು ಬರಲೇ ಇಲ್ಲ. ಈಚೆ ಅವನು ತಳ್ಳುವುದು, ಆಚೆ ಇವಳು ಎಳೆದುಕೊಳ್ಳುವುದು. ಸದ್ದಿನಲ್ಲಿ ಮಾತು ಕೇಳದೆ ಒಬ್ಬರ ಮುಖ ಒಬ್ಬರು ನೋಡುವುದು. ಹೀಗೇ ಇಬ್ಬರ ತಲೆಯೂ ಬೆಳ್ಳಗಾಯಿತು.

ಒಮ್ಮೆ ಪಾಲಿಶಿನವನು ಎಲ್ಲಿಂದಲೋ ಒಳ್ಳೆಯ ಸ್ಟ್ಯಾಂಡು ಹೊತ್ತು ತಂದ. ಮಾರನೆಯ ದಿನ ನೋಡಿದರೆ ಅದರ ಮೇಲೆ ಹೂಕುಂಡಗಳು ಕೂತಿದ್ದವು.

"ರೀ, ತಲೆ ಕೆಟ್ಟಿದ್ಯಾ ನಿಮಗೆ?"

"ಅದನ್ನ ಇಟ್ರೆ ನೀನು ಒಳಗೆ ಹೋಗ್ಬಿಡ್ತೀಯಲ್ಲ," ಅಂದ ಅವನು, ಗರಗಸದ ಹಲ್ಲು ಉಜ್ಜುತ್ತ.

ಬೈಯಲು ಬಂದವಳು ಹೋಗಿ ಹಲಗೆಯ ಆಚೆ ತುದಿ ಹಿಡಿದಳು. ಆ ದಿನ ಆಕೆಗಾದ ಸಂತೋಷ ಇಷ್ಟಿಷ್ಟಲ್ಲ.

*

ಈಗಲೂ ಆಕೆ ಹೋಗಿ ಯಂತ್ರದ ಆಚೆ ತನ್ನ ಜಾಗದಲ್ಲಿ ನಿಂತಳು.

"ಮೋಟಾರಿಗೆ ವಯಸ್ಸಾಗಿದೆ. ತಾನಾಗಿ ಏಳಲ್ಲ, ಎಬ್ಬಿಸ್ಬೇಕು. ನಾನು ಚಕ್ರ ತಿರುಗಿಸಿ ಕೈ ತೆಗೀತೀನಿ. ಹೂಂ ಅಂದ್ಮೇಲೆ ಒತ್ತು."

ತಿರುಗಿಸಿದಳು. "ಹೂಂ."

ಯಂತ್ರ ಕಿರುಚಿಕೊಂಡು ಎದ್ದಿತು. ಪಾಲಿಶಿನವನು ಬಾಯಿ ಬಿಟ್ಟುಕೊಂಡು ನೋಡಿದ. ಗೆಳೆಯನ ಕೈಗುಣ ಎಂದು ಅವನು ಇಷ್ಟು ವರ್ಷ ಹೊಗಳಿದ್ದರಲ್ಲಿ ಆಕೆಯ ಕೈಯೂ ಇತ್ತು.

ಮೈದುನ ಹೆದರಿ ಹೆದರಿ ತಳ್ಳಿದ, ಆಕೆ ಎಳೆದುಕೊಂಡಳು. ಒಂದೊಂದಾಗಿ ಹಲಗೆಗಳು ಬಂದವು. ಆಕೆ ಮಾತ್ರ ತಲೆ ಎತ್ತಲಿಲ್ಲ. ಎತ್ತಿದರೆ ಎದುರಿಗೆ ಬೇರೆ ಮುಖ. ಅದನ್ನು ತಡೆದುಕೊಳ್ಳುವ ಶಕ್ತಿ ಆಕೆಗಿರಲಿಲ್ಲ.

ಮುಚ್ಚಳದ ಹಲಗೆಯೂ ಆಯಿತು. ಮೈದುನ ಸ್ವಿಚ್ ಆರಿಸಿದ. ಪಾಲಿಶಿನವನು ಹಲಗೆಗಳನ್ನು ಹೊತ್ತು ಅಂಗಳಕ್ಕೆ ನಡೆದ.

"ಆಯ್ತಲ್ಲ, ಬನ್ನಿ ಅತ್ತಿಗೆ. ಅಣ್ಣನ ಹತ್ರ ಸ್ವಲ್ಪ ಕೂತ್ಕೊಳ್ಳಿ."

"ಇರು," ಎಂದಳು. "ಇನ್ನೂ ನಿಂತಿಲ್ಲ."

ಕರೆಂಟು ಆರಿದರೂ ಭಾರದ ಚಕ್ರ ತಿರುಗುತ್ತಲೇ ಇತ್ತು. ಕಿರುಚಾಟ ಗೊಣಗಾಟವಾಯಿತು, ಗೊಣಗಾಟ ಬರೀ ಉಸಿರಾಯಿತು. ಆಕೆ ಆಚೆ ತುದಿಯಲ್ಲಿ ಎರಡೂ ಕೈ ಚಾಚಿಕೊಂಡೇ ನಿಂತಿದ್ದಳು.