ನಲ್ಲಿ ತೊಳೆಯುವ ಕೈ

"ಕಜ್ಜಿ. ಅಂಟುರೋಗ. ಸ್ನಾನಗೀನ ಮಾಡ್ತೀಯೋ ಇಲ್ವೋ?"

ಕಾರ್ಖಾನೆಯ ಡಾಕ್ಟರು ಪೆನ್ನಿನ ತುದಿಯಿಂದ ದೊಡ್ಡಕ್ಕನ ತೋಳಿನ ಬಟ್ಟೆ ಸರಿಸಿ ನೋಡಿದರು. ಕೈಯಿಂದ ಮುಟ್ಟಲಿಲ್ಲ.

"ದಿನಾ ಮಾಡ್ತೀನಿ, ಸ್ವಾಮಿ."

"ನೋಡಿದ್ರೇ ಗೊತ್ತಾಗುತ್ತೆ. ಸೋಪು ಹಚ್ಚಿ ಉಜ್ಜು. ಮುಂದಿನವಳು ಬಾ."

ಮುಂದಿನವಳಿಗೂ ಕಜ್ಜಿ. ಅವಳ ಹಿಂದಿನವಳಿಗೂ ಕಜ್ಜಿಯೇ. ಉಳ್ಳವರ ಬಚ್ಚಲುಮನೆಯ ನಲ್ಲಿಗಳಿಗೆ ಹೊಳಪು ಕೊಡುವ ಕಾರ್ಖಾನೆ ಅದು. ಹೊಳಪಿನ ರಾಸಾಯನಿಕ ಬೆರೆತ ಹಳದಿ ನೀರಿನ ತೊಟ್ಟಿಯಿಂದ ಬರಿಗೈಲಿ ನಲ್ಲಿ ಎತ್ತಿ ತೊಳೆಯುವ ಹೆಂಗಸರೆಲ್ಲ ಸ್ನಾನಗೇಡಿಗಳೆಂದು ಊಟದ ಹೊತ್ತಿಗೆ ಮುಂಚೆಯೇ ತೀರ್ಮಾನವಾಯಿತು. ಕಚೇರಿಯ ಗುಮಾಸ್ತರಲ್ಲಿ ಒಬ್ಬರಿಗೂ ಕಜ್ಜಿಯಿರಲಿಲ್ಲ.

ದೊಡ್ಡಕ್ಕನ ಬೆರಳ ಗೆಣ್ಣುಗಳಲ್ಲಿ ಮೆಣಸಿನ ಕಾಳು ಕೂರುವಷ್ಟು ಗುಳಿಗಳಾಗಿದ್ದವು. ಮಗಳ ಬಾಣಂತನಕ್ಕೆ ರಜೆ ಹಾಕಿ ಹೋದರೆ ಬೀಗಿತ್ತಿ ಬಾಗಿಲಲ್ಲೇ ಅಂದಳು: "ಆ ಕೈಲಿ ಕೂಸು ಮುಟ್ಬೇಡಿ, ನಿಮ್ಮ ದಮ್ಮಯ್ಯ."

ಕೂಸಿನ ಹೊಲಸು ಬಟ್ಟೆ ಒಗೆಯುವುದಕ್ಕೆ ಮಾತ್ರ ಆ ಕೈ ನಡೆಯುತ್ತಿತ್ತು. ತಿಂಗಳಿಡೀ ದಿನಾ ಒಗೆದಳು. ಒಗೆಯುತ್ತ ಒಗೆಯುತ್ತ ಗುಳಿಗಳು ತುಂಬಿಕೊಂಡು ಹೊಸ ಚರ್ಮ ಬಂತು. ಹೊರಡುವ ಹಿಂದಿನ ದಿನ ಬೀಗಿತ್ತಿಯೇ ಕೂಸನ್ನು ತಂದು ಮಡಿಲಿಗೆ ಹಾಕಿದಳು. ದೊಡ್ಡಕ್ಕ ಅದನ್ನು ಇಳಿಸಲೇ ಇಲ್ಲ. ಊಟವನ್ನೂ ಮಗಳೇ ಬಾಯಿಗಿಟ್ಟಳು.

ಕೆಲಸಕ್ಕೆ ಮರಳಿ ವಾರ ಕಳೆಯುವಷ್ಟರಲ್ಲಿ ಗುಳಿಗಳೂ ಮರಳಿದವು.

"ಮಗಳ ಮನೇಲಿದ್ದೆ, ಹೋಯ್ತು. ಇಲ್ಲಿಗೆ ಬಂದೆ, ಬಂತು. ಇದನ್ನ ಹೇಳೋಕೆ ಆ ಡಾಕ್ಟ್ರು ಯಾಕ್ರೇ ಬೇಕು? ಅವನ ಬಾಯಿಗೆ ಮಣ್ಣು ಹಾಕ."

"ರಜಾ ದಿನ ನಂಗೂ ತುರಿಕೆ ಕಮ್ಮಿ ಕಣಕ್ಕ," ಅಂದಳು ಪಕ್ಕದವಳು. ಎಲ್ಲರೂ ಹಳದಿ ನೀರನ್ನೇ ನೋಡಿದರು. ಆಮೇಲೆ ಕೈ ಅದ್ದಿದರು. ಸಂಬಳ ಬೇಕಲ್ಲ.

ಮಾರನೆಯ ವಾರ ದೂರದಿಂದ ಗಿರಾಕಿಗಳು ಬಂದರು. ಮೇಸ್ತ್ರಿ ಬೆಳಿಗ್ಗೆಯೇ ಮೂಟೆ ಬಿಚ್ಚಿ ಎಲ್ಲರಿಗೂ ರಬ್ಬರಿನ ಕೈಗವಸು ಹಂಚಿದ. ಗಿರಾಕಿಗಳು ಫೋಟೊ ತೆಗೆದುಕೊಂಡು, ಭೇಷ್ ಎಂದು ತಲೆಯಾಡಿಸಿ ಹೋದರು. ಅವರ ಕಾರು ಗೇಟು ದಾಟಿದ್ದೇ ಮೇಸ್ತ್ರಿ ಖಾಲಿ ಮೂಟೆ ಹಿಡಿದು ಬಂದ.

"ಬಿಚ್ರೇ, ಬೇಗ ಬಿಚ್ಚಿ."

"ಬಿಚ್ಚಲ್ಲ," ಅಂದಳು ದೊಡ್ಡಕ್ಕ.

"ನಿಮ್ಮಪ್ಪನ ಮನೇದೇನೇ? ತೆಗಿ!"

"ಅಂಟುರೋಗ ಅಂದವ್ರೆ ಡಾಕ್ಟ್ರು. ನಾವು ಹಾಕ್ಕೊಂಡಿದ್ದನ್ನ ನೀವು ಮುಟ್ತೀರಾ? ಮನೇಲಿ ಹೆಂಡ್ತಿ ಮಕ್ಳಿಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ಕೈಗವಸಿಗೆ ಕೈ ಹಾಕಲು ಹೋದವನು ಹಾಗೇ ಹಿಂದಕ್ಕೆಳೆದುಕೊಂಡ.

"ಮುಂಡೇರಾ, ಸಾಹುಕಾರ್ರನ್ನೇ ಕರೀತೀನಿ. ಒಬ್ಬೊಬ್ರೂ ಬೀದಿಗೆ ಬೀಳ್ತೀರಾ."

"ಕರೀರಿ. ಅವ್ರೇ ಬಂದು ಬಿಚ್ಚಲಿ."

ಅವಳು ಎರಡೂ ಕೈ ಮುಂದೆ ಚಾಚಿ ನಿಂತಳು. ಪಕ್ಕದವಳು ಚಾಚಿದಳು. ಆಮೇಲೆ ಉಳಿದವರು. ಎತ್ತುವವರಿಲ್ಲದೆ ನಲ್ಲಿಗಳು ತೊಟ್ಟಿಯ ತಳದಲ್ಲೇ ಬಿದ್ದಿದ್ದವು. ಮೇಸ್ತ್ರಿ ಮಹಡಿಗೆ ಓಡಿದ. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸಾಹುಕಾರರ ಬೂಟಿನ ಸದ್ದು ಕೇಳಿಸಿತು. ಯಾರೂ ಕೈ ಇಳಿಸಲಿಲ್ಲ.