ಎರಡೂ ಎಡತೋಳು

“ಕತ್ತರಿ ಕೆಳಗಿಡು.” ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹೊಲಿಗೆ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು.

ಸೊಸೆ ತಲೆ ಎತ್ತಲಿಲ್ಲ. “ಈ ಗೆರೆ ಮುಗೀಲಿ ಅತ್ತೆ. ಮಧ್ಯ ನಿಲ್ಲಿಸಿದ್ರೆ ಅಂಚು ಹಲ್ಲುಹಲ್ಲಾಗುತ್ತೆ ಅಂತ ನೀವೇ ಹೇಳ್ತಿದ್ರಲ್ಲ.”

“ಹೇಳಿದ್ದು ನಾನು. ಈಗ ನನಗೇ ಪಾಠ ಹೇಳೋಕೆ ಬಂದ್ಯಾ?”

ಮೂಲೆಯಲ್ಲಿ ಕೂತಿದ್ದ ಅತ್ತೆಯ ಮಗ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದ. ಇವರಿಬ್ಬರ ನಡುವೆ ಮಾತು ಬೆಳೆದಾಗಲೆಲ್ಲ ಆ ಪುಣ್ಯಾತ್ಮನಿಗೆ ಎಲ್ಲಿಲ್ಲದ ಕೆಲಸ.

ಆ ಅಂಗಡಿಯಲ್ಲಿ ದೊಡ್ಡ ಕತ್ತರಿ ಹಿಡಿದವರದೇ ಮಾತು. ಹೊಲಿಯುವವರು ಯಾರಾದರೂ ಆಗಬಹುದು, ಕತ್ತರಿಸುವವರು ಒಬ್ಬರೇ. ಗಂಡ ಸತ್ತ ಮೇಲೆ ಅತ್ತೆ ಅದನ್ನು ಇನ್ನೊಬ್ಬರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಾಗಲೂ ಬಾಯಿ ಬಿಡಲಿಲ್ಲ. ಬಟ್ಟೆ ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸುವ ಬಲ ಕೈಗಿಲ್ಲದಾದಾಗ ಒಂದೊಂದೇ ಪದರ ಹಾಸಿ, ಯಾರೂ ಇಲ್ಲದ ಹೊತ್ತು ನೋಡಿ ಕತ್ತರಿಸಿದಳು. ಮಡಚಿದ ಬಟ್ಟೆಯಲ್ಲಿ ಎಡತೋಳು ಬಲತೋಳು ತಾವಾಗಿಯೇ ಜೋಡಿಯಾಗಿ ಬರುತ್ತವೆ. ಒಂದೇ ಪದರವಾದರೆ ಎರಡನೆಯ ಸಲ ಕಾಗದದ ಅಚ್ಚನ್ನು ಮಗುಚಿ ಇಡಬೇಕು. ಅವಳು ಮರೆತಳು. ಒಬ್ಬ ಗಿರಾಕಿಯ ಕೋಟಿಗೆ ಎರಡೂ ಎಡತೋಳೇ ಬಂದವು.

ಸೊಸೆ ಅವನ್ನು ಎಸೆಯಲಿಲ್ಲ. ಮೇಜಿನ ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸಿದಳು. “ನಮ್ಮತ್ತೆ ಕೈಚಳಕ ನೋಡಿ.” ಕೆಲಸ ಕಲಿಯುವಾಗ ವರ್ಷಗಟ್ಟಲೆ ಅತ್ತೆಯ ಮರದ ಅಳತೆಪಟ್ಟಿಯಿಂದ ಬೆರಳ ಗೆಣ್ಣಿಗೆ ಏಟು ತಿಂದವಳು ಅವಳು. ಬಡ್ಡಿ ಸಮೇತ ತೀರಿಸಿದಳು.

ಡಾಕ್ಟರು ಸುತ್ತುಬಳಸದೆ ಹೇಳಿದ್ದರು. “ನರ ಮೊಣಕೈ ಮೂಳೆ ಹಿಂದೆ ಸಿಕ್ಕಿಕೊಂಡಿದೆ. ಬಿಡಿಸಿ, ಮುಂದಕ್ಕೆ ತಂದು ಕೂರಿಸ್ತೀವಿ. ಜೋಮು ಕಡಿಮೆ ಆಗಬಹುದು. ಹೋದ ಶಕ್ತಿ ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ, ತಡ ಮಾಡಿದ್ದೀರಿ. ಮೇಜಿನ ಅಂಚಿಗೆ ಮೊಣಕೈ ಊರೋದನ್ನ ಮಾತ್ರ ಬಿಟ್ಟುಬಿಡಿ.” ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಗಾಯ ಮಾಯಿತು. ಅಷ್ಟು ದಿನ ಕತ್ತರಿ ಸೊಸೆಯ ಕೈಯಲ್ಲಿತ್ತು. ಇವತ್ತು ಅತ್ತೆ ಅದಕ್ಕಾಗಿಯೇ ಬಂದಿದ್ದಳು.

“ಕೊಡ್ತೀನಿ,” ಎಂದಳು ಸೊಸೆ. ದಪ್ಪ ಉಣ್ಣೆ ಬಟ್ಟೆ ಮಡಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಯನ್ನು ಮುಂದೆ ತಳ್ಳಿದಳು. “ಇದನ್ನ ಕತ್ತರಿಸಿ. ಆಮೇಲೆ ನಾನು ಮುಟ್ಟಲ್ಲ.”

ಯಂತ್ರದ ಸದ್ದು ನಿಂತಿತು.

ಅತ್ತೆ ಕತ್ತರಿ ಎತ್ತಿದಳು. ಶುರುವಿನಲ್ಲಿ ಚೊಕ್ಕವಾಗಿಯೇ ಬಂತು. ಆಮೇಲೆ ಕೆಳಗಿನ ಹಿಡಿಯೊಳಗಿನ ಬೆರಳುಗಳು ಸೋತವು. ಅಲಗುಗಳು ಬಟ್ಟೆಯನ್ನು ಕತ್ತರಿಸದೆ ಜಗಿದವು. ಹಲ್ಲು ಕಚ್ಚಿ ಮತ್ತೆ ಒತ್ತಿದಳು. ಕತ್ತರಿ ಕದಲಲಿಲ್ಲ. ಸೋತದ್ದಕ್ಕಿಂತ, ಇವಳ ಎದುರು ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಹೆಚ್ಚು ಅವಮಾನವೆನಿಸಿತು.

“ಬಿಡಿ, ಬಟ್ಟೆ ಹಾಳಾಗುತ್ತೆ.” ಸೊಸೆ ಕತ್ತರಿ ಕಸಿದುಕೊಂಡಳು. ಮೊಣಕೈಯನ್ನು ಮೇಜಿನಂಚಿಗೆ ಊರಿ, ಅತ್ತೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು. ಅತ್ತೆಯ ಮೊಣಕೈ ಸವೆಸಿದ್ದ ತಗ್ಗು ಅದು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಕೈ ಕೊಡವಿ, ಕಿರುಬೆರಳನ್ನು ತಿಕ್ಕಿಕೊಂಡಳು.

ಹಾಗೆ ಕೊಡವುವುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. “ಎಷ್ಟು ದಿನದಿಂದ ಜೋಮು?”

“ನಂಗೇನೂ ಇಲ್ಲ.”

“ನಾನೂ ಹಾಗೇ ಅಂದಿದ್ದೆ. ಮೊಣಕೈ ಎತ್ತೇ, ಶನಿ.”

ಅತ್ತೆ ಮೊಳೆಯಿಂದ ಎರಡೂ ಎಡತೋಳುಗಳನ್ನು ಕಿತ್ತು, ಮಡಚಿ, ತಗ್ಗಿನ ಮೇಲೆ ಹಾಸಿದಳು. “ನಿನ್ನ ಮೇಲಿನ ಪ್ರೀತಿಗಲ್ಲ. ಅಂಗಡಿ ನಡೀಬೇಕು.”

ಸೊಸೆ ಮೊಣಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಳು. ಮಗ, ಆಗಲೇ ಪೋಣಿಸಿದ್ದ ಸೂಜಿಗೇ ಮತ್ತೆ ದಾರ ಪೋಣಿಸತೊಡಗಿದ. ಕೊನೆಗೆ ಮೊಣಕೈ ಮೆಲ್ಲಗೆ ಕೆಳಗಿಳಿದು ಆ ತೋಳುಗಳ ಮೇಲೆ ಕೂತಿತು.