ಒಂದೇ ಮುದ್ದೆ

ಗಿರಿಯ ಲಿವರ್‌ನಲ್ಲಿ ಕೊಬ್ಬಿದೆ ಎಂದು ಡಾಕ್ಟರು ಹೇಳಿದ ದಿನವೇ ಕೊಡಿಗೇಹಳ್ಳಿಯ ಆ ಮನೆಯ ತುಪ್ಪದ ಡಬ್ಬಿ ಅಟ್ಟ ಹತ್ತಿತು. ಅದೇ ಮನೆಯಲ್ಲಿದ್ದ ಅವನ ತಂಗಿ ಮಂಜುಶ್ರೀಯ ಲಿವರ್ ಪೂರ್ತಿ ಕೆಟ್ಟಿತ್ತು. ಅಣ್ಣನದರಲ್ಲಿ ಒಂದು ಪಾಲು ತೆಗೆದು ಅವಳಿಗೆ ಜೋಡಿಸಬೇಕು, ಆದರೆ ಕೊಬ್ಬು ತುಂಬಿದ್ದು ಕೊಡಲು ಬರುವುದಿಲ್ಲ. "ಬೇಗ ತೂಕ ಇಳಿಸ್ಕೊಂಡು ಬನ್ನಿ. ಊಟಕ್ಕೆ ಒಂದೇ ಮುದ್ದೆ," ಎಂದಿದ್ದರು ಡಾಕ್ಟರ್ ನಾಗಭೂಷಣ.

ಗಿರಿಯ ಹೆಂಡತಿ ರಮಾ ಹಿಡಿದ ಕೆಲಸ ಬಿಡುವವಳಲ್ಲ. ಸಾರಿಗೆ ಒಗ್ಗರಣೆ ನಿಂತಿತು, ಭಾನುವಾರದ ಬಾಡೂಟಕ್ಕೆ ಬೀಗ ಬಿತ್ತು. ಎರಡು ಮುದ್ದೆ ನುಂಗುತ್ತಿದ್ದ ಗಿರಿಯ ತಟ್ಟೆಗೆ ಈಗ ಒಂದೇ. ಪಕ್ಕದ ಮನೆಯ ಮಾರಕ್ಕ ಬಂದು ನೋಡಿ, "ಅಯ್ಯೋ, ಗಂಡುಸ್ಗೆ ಇಂಗಾ ಇಕ್ಕೋದು? ಸೊರಗೋಯ್ತಾನೆ ಕಣಮ್ಮಿ," ಎಂದು ಗಲ್ಲಕ್ಕೆ ಕೈ ಹಚ್ಚಿದಳು.

ರಮಾಗೆ ನಾದಿನಿ ಉಳಿಯಬೇಕಿತ್ತು. ಗಂಡನ ಹೊಟ್ಟೆ ಕುಯ್ಯುವುದು ಮಾತ್ರ ಬೇಡವಾಗಿತ್ತು. ಎರಡೂ ಒಟ್ಟಿಗೆ ಆಗುವ ಮಾತಲ್ಲ ಎಂದು ಅವಳಿಗೂ ಗೊತ್ತು. ಗೊತ್ತಿದ್ದರೆ ಹೆದರಿಕೆ ಸುಮ್ಮನಾಗುತ್ತದೆಯೇ? ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಅಷ್ಟೆ.

ಮತ್ತೆ ಆಸ್ಪತ್ರೆಗೆ ಹೋದಾಗ ತೂಕ ಇಳಿಯುವುದಿರಲಿ, ಏರಿತ್ತು. ಡಾಕ್ಟರು ಗಿರಿಯನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು.

"ದೇವ್ರಾಣೆ ಸಾರ್, ತುಪ್ಪದ ವಾಸ್ನೇನೂ ನೋಡಿಲ್ಲ!"

"ಮುದ್ದೆ?"

"ಒಂದೇ ಸಾರ್."

ಡಾಕ್ಟರು ರಮಾ ಕಡೆ ತಿರುಗಿದರು. "ಎಷ್ಟು ದೊಡ್ಡದಮ್ಮ? ಕೈಯಲ್ಲಿ ತೋರ್ಸಿ."

ರಮಾ ಎರಡೂ ಅಂಗೈ ಎತ್ತಿ ತೋರಿಸಿದಳು. ನಡುವೆ ಒಂದು ತೆಂಗಿನಕಾಯಿ ಆರಾಮಾಗಿ ಕೂರುವಷ್ಟು ಜಾಗವಿತ್ತು. ಗಿರಿ ಹೋ ಎಂದು ನಕ್ಕ. ಡಾಕ್ಟರು ನಗಲಿಲ್ಲ.

"ತುಪ್ಪ ಬಿಟ್ಟ ಮಾತ್ರಕ್ಕೆ ಲಿವರ್ ಕೊಬ್ಬು ಕರಗಲ್ಲಮ್ಮ. ತುಪ್ಪದಲ್ಲಿ ಕ್ಯಾಲೊರಿ ಜಾಸ್ತಿ, ನಿಜ. ಆದ್ರೆ ನೋಡ್ಬೇಕಾದ್ದು ಒಟ್ಟು ಲೆಕ್ಕ. ಮೈಗೆ ಬೇಕಾದ್ದಕ್ಕಿಂತ ಹೆಚ್ಚಾದ್ರೆ ರಾಗೀನೂ ಕೊಬ್ಬಾಗೇ ಕೂರೋದು. ಒಂದು ಚಮಚ ತುಪ್ಪ ಬೇಕಾದ್ರೆ ಹಾಕಿ, ಮುದ್ದೆ ಸಣ್ಣದು ಮಾಡಿ. ಮಂಜುಶ್ರೀ ಹೆಚ್ಚು ದಿನ ಕಾಯೋ ಹಾಗಿಲ್ಲ."

ದಾರಿಯುದ್ದಕ್ಕೂ ಗಿರಿ, "ಮದ್ವೆ ಮನೆ ಮುದ್ದೆ ಇಕ್ಕಿ ಕೊಬ್ಬಿಸ್ಬಿಟ್ಯಲ್ಲೇ," ಎಂದು ರೇಗಿಸಿದ. ಬೇಕೆಂದೇ ಅಷ್ಟು ದೊಡ್ಡದು ಮಾಡಿದಳೇ ಎಂಬುದು ರಮಾಗೇ ಗೊತ್ತಿರಲಿಲ್ಲ. ಹಿಟ್ಟು ತೊಳಸುವಾಗ ಅವಳು ಬೇರೇನನ್ನೋ ಯೋಚಿಸುತ್ತಿದ್ದಳು, ಕೈ ತನ್ನ ಪಾಡಿಗೆ ತಾನು ಬಾಚಿಕೊಳ್ಳುತ್ತಿತ್ತು.

ಅಂದು ಮಧ್ಯಾಹ್ನ ಅಡುಗೆಮನೆ ಹೊಸ್ತಿಲಲ್ಲಿ ಮಂಜುಶ್ರೀ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರಿಶಿನ ಹಚ್ಚಿದಷ್ಟು ಹಳದಿ. ರಮಾ ಹಿಟ್ಟು ತೊಳಸಿ ಕೈ ಒದ್ದೆ ಮಾಡಿ ಬಾಚಿಕೊಂಡಳು. ನೋಡಿಕೊಂಡರೆ ಮತ್ತೆ ಅಷ್ಟೇ ದೊಡ್ಡದು.

"ಇರ್ಲಿ ಬಿಡಿ ಅತ್ಗೆ," ಎಂದಳು ಮಂಜುಶ್ರೀ ಮೆಲ್ಲಗೆ. "ಮೊದಲ ದಿನದಿಂದ್ಲೂ ನೋಡ್ತಾನೇ ಇದೀನಿ. ಅಣ್ಣಂಗೆ ಏನಾದ್ರೂ ಆದ್ರೆ ಅಂತ ನಂಗೂ ಭಯಾನೇ. ಅದಕ್ಕೇ ಹೇಳ್ಲಿಲ್ಲ."

ರಮಾಗೆ ಅಳು ಉಕ್ಕಿ ಬಂತು, ನಾಚಿಕೆಯೂ ಆಯಿತು. ಇವಳು ಸಾಯುತ್ತಾ ಕೂತು ನನ್ನ ಮಾನ ಕಾಯುತ್ತಿದ್ದಾಳಲ್ಲ! ಕೈಯಲ್ಲಿದ್ದುದನ್ನು ಪಾತ್ರೆಗೆ ಹಾಕಿ, ಪಾತ್ರೆಯನ್ನೇ ಹೊಸ್ತಿಲಿಗೆ ತಂದು ನಾದಿನಿಯ ಮುಂದೆ ಇಟ್ಟಳು.

"ನೀನೇ ಕಟ್ಟು ಮಂಜು. ನನ್ ಕೈ ನನ್ ಮಾತು ಕೇಳಲ್ಲ."

ಮಂಜುಶ್ರೀ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಡಕಲು ಕೈ ನೀರಿಗೆ ಅದ್ದಿ, ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ ಕಟ್ಟಿದಳು. ರಮಾ ಅಟ್ಟದಿಂದ ಡಬ್ಬಿ ಇಳಿಸಿ ಅದರ ಮೇಲೆ ಒಂದು ಚಮಚ ತುಪ್ಪ ಬಿಟ್ಟಳು.

ತಟ್ಟೆ ನೋಡಿ ಗಿರಿ ಹೌಹಾರಿದ. "ಇದೇನೇ ಇದು, ಉಪ್ಪಿನ್‌ಕಾಯಾ?"

"ನಿಮ್ ತಂಗಿ ಕಟ್ಟಿರೋದು," ಎಂದಳು ರಮಾ. "ತಿನ್ನಿ."